ಮನೆಯಲ್ಲಿ ಗಡಗಡೆಯ ವ್ಯಾಯಾಮಯಂತ್ರ

ಕಳೆದ ಬೇಸಿಗೆಯ ರಜೆಯಲ್ಲಿ ರಾಣೆಬೆನ್ನೂರು ತಾಲೂಕಿನ ಹಲಗೇರಿಯಿಂದ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ದೂರವಾಣಿಯ ಮೂಲಕ ನಮ್ಮನ್ನು ಮಾತಾಡಿಸಿದಳು. ಕುಶಲಪ್ರಶ್ನೆಗಳಾದ ಮೇಲೆ ಅವಳು ಕೇಳಿದ್ದಿಷ್ಟು: “ಅಕ್ಕೋರ, ಮನ್ಯಾಗ ಒಂದು ಕೇಬಲ್ ಮಷೀನ ತರಬೇಕಂತ ಮಾಡೇವ್ರಿ. ಯಾವದು ತರಬೇಕು, ಎಲ್ಲಿ ನಿಂದರಸಬೇಕು, ಒಂದೂ ತಿಳೀವಲ್ದು. ನೀವೊಮ್ಮೆ ಬಂದು ನೋಡಿ ಹೇಳತೀರೇನ್ರಿ?” ಶಾಲೆಯಲ್ಲಿದ್ದಾಗ ಆಟದ ಗಂಟೆ ಬಂತೆಂದರೆ ತಲೆನೋವಿನ ನೆಪ ಹೇಳಿ ಗ್ರಂಥಾಲಯದಲ್ಲಿ ಕುಳಿತುಕೊಳ್ಳುತ್ತಿದ್ದವಳ ಬಾಯಿಂದ ಈ ಮಾತು ಬಂದುದನ್ನು ಕೇಳಿ ನಮಗೆ ನಗೆ ಬಂದಿತು.

ಕಾರಣವನ್ನು ಕೇಳಿದ ಬಳಿಕ ಆ ನಗೆ ನಿಂತಿತು. ಅವಳ ಅತ್ತೆಯವರಿಗೆ ಅರವತ್ತಮೂರು ವರುಷ. ಹಿಂದಿನ ಕಾರ್ತಿಕದಲ್ಲಿ ಬಚ್ಚಲಲ್ಲಿ ಕಾಲು ಜಾರಿ ಬಿದ್ದು ಅವರ ಎಡಗೈಯ ಮಣಿಕಟ್ಟು ಮುರಿದಿತ್ತು. ಕಟ್ಟು ಬಿಚ್ಚಿದ ಮೇಲೆ ಕೈ ಕೂಡಿಕೊಂಡಿತಾದರೂ ಧೈರ್ಯ ಕೂಡಿಕೊಳ್ಳಲಿಲ್ಲ. ನೆಲದ ಮೇಲೆ ಕುಳಿತರೆ ಯಾರಾದರೂ ಕೈಹಿಡಿದು ಎಬ್ಬಿಸಬೇಕು. ಆದಕಾರಣ ಅವರು ನೆಲದ ಮೇಲೆ ಕುಳಿತುಕೊಳ್ಳುವದನ್ನೇ ಬಿಟ್ಟಿದ್ದರು. ವೈದ್ಯರು ಸ್ಪಷ್ಟವಾಗಿ ಹೇಳಿದ್ದರಂತೆ: ಎಲುಬಿಗೂ ಸ್ನಾಯುವಿಗೂ ಭಾರ ಬೀಳದಿದ್ದರೆ ಅವು ಇನ್ನೂ ಕ್ಷೀಣಿಸುವವು, ಮುಂದಿನ ಸಾರೆ ಬಿದ್ದರೆ ಮುರಿಯುವದು ಮಣಿಕಟ್ಟಲ್ಲ, ಸೊಂಟ. ಊರಾಚೆ ನೌಕರಿಯಲ್ಲಿರುವ ಹಿರಿಯ ಮಗನು ಹಣ ಕಳಿಸಿದ್ದನು. ಇಂಥ ಯಂತ್ರವನ್ನು ನಾವು ಒಮ್ಮೆ ಕೊಂಡು ಕೆಟ್ಟವರೆಂಬ ಸುದ್ದಿ ಅವಳ ಕಿವಿಗೆ ಬಿದ್ದಿದ್ದುದರಿಂದ ನಮ್ಮನ್ನೇ ಕೇಳಿದಳು. ಅವಳ ಮನೆಯ ಅನುಭವ ಉಳಿದ ಹಳೆಯ ವಿದ್ಯಾರ್ಥಿನಿಯರಿಗೂ ಪಾಲಕರಿಗೂ ಉಪಯೋಗವಾದೀತೆಂದು ಅದನ್ನು ಇಲ್ಲಿ ಬರೆಯುತ್ತೇವೆ.

ಯಂತ್ರವೆಂಬ ಹೆಸರನ್ನು ಕೇಳಿ ಬೆದರಬೇಕಾದ ಕಾರಣವಿಲ್ಲ. ಒಂದು ಉಕ್ಕಿನ ಚೌಕಟ್ಟು. ಅದರೊಳಗೆ ಎರಡು ನೆಟ್ಟನೆಯ ಸರಳುಗಳು. ಆ ಸರಳುಗಳಿಗೆ ಪೋಣಿಸಿ ಒಂದರ ಮೇಲೊಂದು ಪೇರಿಸಿದ ತೂಕದ ಬಿಲ್ಲೆಗಳು. ಬಿಲ್ಲೆಗಳಿಂದ ಹೊರಟು ಮೇಲಿನ ಗಡಗಡೆಯನ್ನು ಹಾಯ್ದು ಕೈಗೆ ಬರುವ ಉಕ್ಕಿನ ಹುರಿ. ಅದರ ತುದಿಗೆ ಹಿಡಿಕೆ. ಎಷ್ಟು ಬಿಲ್ಲೆಗಳು ಏಳಬೇಕೋ ಅಷ್ಟರ ಕೆಳಗೆ ಒಂದು ಕಡ್ಡಿಯನ್ನು ಚುಚ್ಚಿದರೆ ಮುಗಿಯಿತು. ಹಿಡಿಕೆಯನ್ನು ಎಳೆದರೆ ಭಾರ ಏಳುವದು, ಬಿಟ್ಟುಕೊಟ್ಟರೆ ಇಳಿಯುವದು. ವಿದ್ಯುತ್ತಿನ ಗೊಡವೆಯಿಲ್ಲವಾದದರಿಂದ ಬೇಸಿಗೆಯಲ್ಲಿ ಲೈನು ಹೋದರೂ ಅಡ್ಡಿಯಿಲ್ಲ.

ಸೇದುವ ಬಾವಿಯನ್ನು ಕಂಡವರಿಗೆ ಇದರಲ್ಲಿ ಹೊಸದೇನೂ ಇಲ್ಲ. ಎತ್ತುಗಳು ಮಿಣಿಯನ್ನೆಳೆದು ನೀರೆತ್ತುತ್ತಿದ್ದ ಕಪಿಲೆಯೂ ಇದೇ ತತ್ವದ್ದು. ಭಾರ ಹಾಗೂ ಸನ್ನೆಗೋಲುಗಳಿಂದ ಅಂಗಸಾಧನೆ ಮಾಡಿಸುವ ಯಂತ್ರಗಳನ್ನು ಸ್ವೀಡನ್ ದೇಶದ ಗುಸ್ತಾವ್ ಜಾಂಡರ್ ಎಂಬ ವೈದ್ಯನು 1865ರಲ್ಲಿ ಸ್ಟಾಕ್‌ಹೋಮಿನ ತನ್ನ ಸಂಸ್ಥೆಯಲ್ಲಿ ರೋಗಿಗಳಿಗಾಗಿ ಬಳಕೆಗೆ ತಂದನು. ಅಮೇರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಯಾಮಶಾಲೆಗೆ 1879ರಲ್ಲಿ ಮುಖ್ಯಸ್ಥನಾದ ಡಡ್ಲಿ ಸಾರ್ಜೆಂಟನು ಗಡಗಡೆ ಹಾಗೂ ತೂಕಗಳ ಯಂತ್ರಗಳನ್ನು ರೂಪಿಸಿದನು. ಗರಡಿಯ ಭಾರವಾದ ಕಲ್ಲು ಬಲಿಷ್ಠನಿಗೆ ಮಾತ್ರ ಒಲಿಯುವದು, ಗಡಗಡೆಯ ಭಾರವನ್ನಾದರೋ ದುರ್ಬಲನಿಗೆ ತಕ್ಕಂತೆ ಇಳಿಸಿಕೊಳ್ಳಬಹುದು ಎಂಬುದೇ ಇಂಥ ಯಂತ್ರಗಳ ಮೂಲವಿಚಾರ. ಸಾರ್ಜೆಂಟನು 1881ರಲ್ಲಿ ಹೆಂಗಸರಿಗಾಗಿಯೂ ಒಂದು ವ್ಯಾಯಾಮಶಾಲೆಯನ್ನು ತೆರೆದನೆಂಬದು ನಮಗೆ ಮುಖ್ಯವಾಗಿ ತೋರುತ್ತದೆ. ನಮ್ಮ ನಾಡಿನಲ್ಲಿ ಬೆಂಗಳೂರಿನ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿದ್ದಲ್ಲದೆ ಅಂಚೆಯ ಮೂಲಕವೂ ಅಂಗಸಾಧನೆಯ ಪಾಠಗಳನ್ನು ಕಳಿಸಿ ಮನೆಯಲ್ಲಿಯೇ ಕಲಿಯುವ ದಾರಿಯನ್ನು ತೋರಿಸಿದರು. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಓದಿದ ಎಷ್ಟೋ ಮಂದಿಗೆ ಅವುಗಳ ಕರ್ತೃವೇ ಈ ವ್ಯಾಯಾಮಪಟುವೆಂಬದು ತಿಳಿದಿರುವದಿಲ್ಲ.

ನಮ್ಮ ಸೀಮೆಯಲ್ಲಿ ಗರಡಿಮನೆಗಳಿಗೂ, ಜಾತ್ರೆಯಲ್ಲಿ ಗುಂಡುಕಲ್ಲು, ಜೋಳದ ಚೀಲಗಳನ್ನೆತ್ತುವ ಪಂದ್ಯಗಳಿಗೂ ಕೊರತೆಯಿರಲಿಲ್ಲ. ಹೆಣ್ಣುಮಕ್ಕಳಿಗೆ ಗರಡಿ ಇರಲಿಲ್ಲವೆಂದು ಹೇಳುವದು ವಾಡಿಕೆ. ಆದರೆ ಬಾವಿಯ ಕಟ್ಟೆ, ಬೀಸುವ ಕಲ್ಲು, ಒರಳು-ಒನಕೆ ಇವೇ ಅವರ ಗರಡಿಯಾಗಿದ್ದವು. ಒಂದು ಲೆಕ್ಕವನ್ನು ಮಾಡಿ ನೋಡೋಣ. ಹನ್ನೆರಡು ಲೀಟರು ಹಿಡಿಯುವ ಕೊಡವೆಂದರೆ ನೀರಿನ ತೂಕವೇ 12 ಕಿಲೋ. ಕೊಡದ್ದೂ ಹಗ್ಗದ್ದೂ ಸೇರಿದರೆ ಸುಮಾರು 15 ಕಿಲೋ. ಬಾವಿಯ ಮೇಲೆ ತೂಗಹಾಕಿದ ಒಂಟಿ ಗಡಗಡೆಯು ಎಳೆತದ ದಿಕ್ಕನ್ನು ಬದಲಿಸುವದೇ ಹೊರತು ಭಾರವನ್ನು ಕಡಿಮೆ ಮಾಡುವದಿಲ್ಲ. ದಿನಕ್ಕೆ ಇಪ್ಪತ್ತು ಕೊಡ ಸೇದಿದರೆ 300 ಕಿಲೋ ಭಾರವನ್ನು ಬಾವಿಯ ಆಳದಿಂದ ಕೈಮೇಲೆ ಕೈಹಾಕಿ ಮೇಲೆತ್ತಿದಂತಾಯಿತು. ಹೊತ್ತು ನಡೆದುದು ಬೇರೆ. ನಾವು ಬೋರ್ಡಿಂಗಿನಲ್ಲಿದ್ದಾಗ ಪಾಳಿಯ ಪ್ರಕಾರ ನೀರು ಸೇದಿದವರು. ಆ ಕಾಲದ ಅಂಗೈಯ ದಡ್ಡುಗಳು ನಮಗೆ ಇನ್ನೂ ನೆನಪಿವೆ. ಅದೇನು ಸುಖದ ಕಾಲವಾಗಿತ್ತೆಂದು ನಾವು ಹೇಳುವದಿಲ್ಲ. ನಲ್ಲಿಯೂ ಹಿಟ್ಟಿನ ಗಿರಣಿಯೂ ಬಂದುದರಿಂದ ಹುಡುಗಿಯರಿಗೆ ಶಾಲೆಗೆ ಬರಲು ಹೊತ್ತು ದೊರೆಯಿತು. ಆ ಹೊತ್ತಿನಲ್ಲಿ ಓದಿದವರೇ ನಾವೆಲ್ಲ. ಆದರೆ ಹೊರೆಯೊಡನೆ ಅದು ಕೊಡುತ್ತಿದ್ದ ಬಲವೂ ಹೊರಟುಹೋಯಿತು, ಅದರ ಬದಲಿಗೆ ನಾವು ಏನನ್ನೂ ತರಲಿಲ್ಲ.

ಮೂವತ್ತು ದಾಟಿದ ಮೇಲೆ ಮನುಷ್ಯನ ಸ್ನಾಯುವು ಮೆಲ್ಲಗೆ ಕಡಿಮೆಯಾಗುತ್ತ ಬರುವದು, ಅರವತ್ತರ ತರುವಾಯ ಈ ಇಳಿತ ತೀವ್ರವಾಗುವದು. ಹೆಂಗಸರಲ್ಲಿ ಮುಟ್ಟು ನಿಂತ ಮೇಲಿನ ಕೆಲವು ವರ್ಷಗಳಲ್ಲಿ ಎಲುಬಿನ ಸತ್ವವೂ ಬೇಗನೆ ಕುಗ್ಗುವದು. ನಡಿಗೆಯು ಹೃದಯಕ್ಕೆ ಹಿತಕರವಾದರೂ ತೋಳು, ಹೆಗಲು, ಬೆನ್ನುಗಳಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಅದಕ್ಕಾಗಿಯೇ ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ವಾರಕ್ಕೆ 150 ನಿಮಿಷಗಳ ನಡಿಗೆಯಂಥ ಶ್ರಮದ ಜೊತೆಗೆ, ಎಲ್ಲ ಮುಖ್ಯ ಸ್ನಾಯುಗಳಿಗೂ ಬಲ ಬರುವ ವ್ಯಾಯಾಮವನ್ನು ವಾರದಲ್ಲಿ ಕನಿಷ್ಠ ಎರಡು ದಿವಸ ಮಾಡಬೇಕೆಂದು ಹೇಳಿದೆ. ಇದು ಗಂಡಸರಿಗೆ ಎಷ್ಟೋ ಹೆಂಗಸರಿಗೂ ಅಷ್ಟೇ.

ಈಗ ನಮ್ಮ ಮೂರ್ಖತನದ ಕಥೆಯನ್ನು ಹೇಳಬೇಕು. ನಲವತ್ತು ದಾಟಿದ ಮೇಲೆ ನಮ್ಮ ಬಲಹೆಗಲು ಬಿಗಿಯಿತು. ಕರಿಹಲಗೆಯ ಮೇಲುಭಾಗದಲ್ಲಿ ಬರೆಯಲಾಗದೆ, ಮಕ್ಕಳ ಮುಂದೆ ಅದನ್ನು ತೋರಗೊಡದೆ, ಹಲಗೆಯ ಕೆಳಗಿನ ಅರ್ಧದಲ್ಲಿಯೇ ಒಂದು ವರುಷ ಪಾಠ ಮಾಡಿದೆವು. ಫಿಜಿಯೋಥೆರಪಿಯ ಕೋಣೆಯಲ್ಲಿ ಬಾಗಿಲ ಮೇಲೆ ತೂಗುಹಾಕಿದ ಒಂದು ಪುಟ್ಟ ಗಡಗಡೆ, ಅದರ ಮೇಲೆ ಒಂದು ಹಗ್ಗ, ಎರಡು ತುದಿಗೆ ಎರಡು ಹಿಡಿಕೆ. ಒಳ್ಳೆಯ ಕೈಯಿಂದ ಎಳೆದರೆ ನೋಯುವ ಕೈ ತಾನಾಗಿ ಮೇಲೇರುವದು. ಅದರಿಂದ ಗುಣ ಕಂಡ ಹುರುಪಿನಲ್ಲಿ ಮನೆಗೇ ಒಂದು ದೊಡ್ಡ ಯಂತ್ರವನ್ನು ತರಲು ಹೋದೆವು. ಅಂಗಡಿಯವನು “ನೂರೈವತ್ತರ ಮಷೀನು” ಎಂದನು. ದೊಡ್ಡ ಸಂಖ್ಯೆಗೆ ಮರುಳಾಗಿ ಹಣ ಕೊಟ್ಟು ತಂದೆವು. ಮನೆಗೆ ಬಂದ ಮೇಲೆ ಅದು 150 ಕಿಲೋ ಅಲ್ಲ, 150 ಪೌಂಡು, ಅಂದರೆ 68 ಕಿಲೋ ಎಂದು ತಿಳಿಯಿತು. ಅದು ಹೋಗಲಿ, ಮೋಸ ಬೇರೆಡೆಗಿತ್ತು. ಎಲ್ಲಕ್ಕೂ ಮೇಲಿನ ಒಂದೇ ಬಿಲ್ಲೆಯನ್ನೆಳೆದರೂ ಕೈಗೆ ಏಳು ಕಿಲೋ ಭಾರ ಬರುತ್ತಿತ್ತು. ನೋಯುವ ಹೆಗಲಿಗೆ ಬೇಕಾಗಿದ್ದುದು ಒಂದೋ ಎರಡೋ ಕಿಲೋ. ಆರು ತಿಂಗಳು ಆ ಯಂತ್ರದ ಮೇಲೆ ನಾವು ಒಗೆದ ಸೀರೆಗಳನ್ನು ಒಣಗಹಾಕಿದೆವು. ಆ ಕೆಲಸಕ್ಕೆ ಅದು ಉತ್ತಮವಾಗಿತ್ತೆಂದು ಒಪ್ಪಲೇಬೇಕು.

ಆದದರಿಂದ ಕೊಳ್ಳುವವರು ಯಂತ್ರದ ಅತಿ ಹೆಚ್ಚಿನ ತೂಕವನ್ನು ವಿಚಾರಿಸುವ ಮೊದಲು ಅತಿ ಕಡಿಮೆಯ ತೂಕವನ್ನು ವಿಚಾರಿಸಬೇಕು. ಒಂದು ಬಿಲ್ಲೆಯಿಂದ ಮುಂದಿನ ಬಿಲ್ಲೆಗೆ ಎಷ್ಟು ಏರಿಕೆಯೆಂಬದು ಎರಡನೆಯ ಪ್ರಶ್ನೆ. ಐವತ್ತು ಕಿಲೋ ಎಳೆಯುವವನಿಗೆ ಐದು ಕಿಲೋ ಹೆಚ್ಚಾದರೆ ಹತ್ತನೆಯ ಒಂದು ಪಾಲು. ಐದು ಕಿಲೋ ಎಳೆಯುವವಳಿಗೆ ಅದು ಇಮ್ಮಡಿ.

ಇಲ್ಲಿಯೇ ಗಡಗಡೆಗಳ ಜೋಡಣೆಯನ್ನು ತಿಳಿದುಕೊಳ್ಳುವದು ಅವಶ್ಯ. ಹುರಿಯು ಮೇಲೆ ಬಿಗಿದ ಗಡಗಡೆಗಳನ್ನು ಮಾತ್ರ ಹಾಯ್ದು ನೇರವಾಗಿ ಬಿಲ್ಲೆಗಳಿಗೆ ಕಟ್ಟಿದ್ದರೆ, ಬಾವಿಯಲ್ಲಿಯಂತೆ, ಹತ್ತು ಕಿಲೋ ಬಿಲ್ಲೆಗೆ ಹತ್ತು ಕಿಲೋ ಎಳೆತ ಬೇಕು. ಬಿಲ್ಲೆಗಳ ಜೊತೆಯಲ್ಲಿಯೇ ಏರಿಳಿಯುವ ಒಂದು ಗಡಗಡೆಯಿದ್ದು, ಹುರಿಯು ಅದರ ಕೆಳಗಿನಿಂದ ಹಾಯ್ದು ಬಂದಿದ್ದರೆ, ಭಾರವನ್ನು ಹುರಿಯ ಎರಡು ಎಳೆಗಳು ಹಂಚಿಕೊಳ್ಳುವವು. ಹತ್ತು ಕಿಲೋಗೆ ಐದೇ ಕಿಲೋ ಎಳೆತ ಸಾಕು. ಅದಕ್ಕೆ ಬದಲಾಗಿ ಕೈ ಒಂದು ಮೀಟರು ಎಳೆದರೆ ಬಿಲ್ಲೆ ಅರ್ಧ ಮೀಟರು ಮಾತ್ರ ಏಳುವದು. ಎಂಟನೆಯ ತರಗತಿಯಲ್ಲಿ ಈ ಪಾಠವನ್ನು ಬಾಯಿಪಾಠ ಮಾಡಿ ಮರೆತ ವಿದ್ಯಾರ್ಥಿನಿಯರು ಈಗ ಅದನ್ನು ನೆನಪಿಗೆ ತಂದುಕೊಳ್ಳಲಿ. ಕುಸ್ತಿಯ ಹುಡುಗನಿಗೆ ಈ ಎರಡನೆಯ ಜೋಡಣೆಯಿಂದ ಭಾರ ಸಾಲದೆ ಬಂದೀತು. ತಾಯಂದಿರಿಗೂ ಅಜ್ಜಿಯರಿಗೂ ಇದೇ ಮೇಲು. ಐದು ಕಿಲೋದ ಬಿಲ್ಲೆಗಳಿದ್ದರೂ ಏರಿಕೆಯು ಎರಡೂವರೆ ಕಿಲೋದಂತೆ ಆಗುವದು, ಎಳೆತವೂ ನುಣುಪಾಗಿರುವದು. ಹಲಗೇರಿಯ ಮನೆಗೆ ನಾವು ಇದನ್ನೇ ಆರಿಸಿದೆವು.

ಅಂಗಡಿಯಲ್ಲಿ ಬರೆದಿಟ್ಟ ಅಂಕಿಯನ್ನು ನಂಬಬೇಕಾದ ಅಗತ್ಯವಿಲ್ಲ. ಹತ್ತಿ, ಮೆಣಸಿನಕಾಯಿಗಳನ್ನು ತೂಗಲು ನಮ್ಮ ಕಡೆಯ ರೈತರ ಮನೆಗಳಲ್ಲಿ ಇಟ್ಟುಕೊಳ್ಳುವ ತೂಗುಹಾಕುವ ಕೊಕ್ಕೆಯ ತಕ್ಕಡಿಯನ್ನು ಜೊತೆಗೆ ಒಯ್ದು, ಅದನ್ನು ಹಿಡಿಕೆಯ ಜಾಗದಲ್ಲಿ ಸಿಕ್ಕಿಸಿ ಮೆಲ್ಲಗೆ ಎಳೆದರೆ ನಿಜವಾದ ಭಾರವು ಕಣ್ಣಿಗೆ ಕಾಣುವದು. ಎಳೆಯುವಾಗಿನ ಅಂಕಿಗೂ ಬಿಟ್ಟುಕೊಡುವಾಗಿನ ಅಂಕಿಗೂ ಬಹಳ ಅಂತರವಿದ್ದರೆ ಗಡಗಡೆಗಳಲ್ಲಿ ತಿಕ್ಕಾಟ ಹೆಚ್ಚೆಂದು ತಿಳಿಯಬೇಕು. ನಮ್ಮ ವಿದ್ಯಾರ್ಥಿನಿಯು ಬ್ಯಾಡಗಿಯ ಪೇಟೆಗೆ ಒಯ್ಯುವ ತಕ್ಕಡಿಯನ್ನೇ ಚೀಲದಲ್ಲಿ ಹಾಕಿಕೊಂಡು ಬಂದಿದ್ದಳು. ಅಂಗಡಿಯವನ ಮುಖದಲ್ಲಿ ಸ್ವಲ್ಪ ಅಸಮಾಧಾನ ಕಂಡಿತಾದರೂ ಮೊದಲನೆಯ ಯಂತ್ರವನ್ನು ಬಿಟ್ಟು ಮೂರನೆಯದನ್ನು ಕೊಳ್ಳುವಂತೆ ಮಾಡಿದ್ದು ಆ ತಕ್ಕಡಿಯೇ.

ಗಡಗಡೆ ದೊಡ್ಡದಿದ್ದಷ್ಟೂ ಹುರಿಯ ಬಾಗು ಕಡಿಮೆ, ಆಯುಷ್ಯ ಹೆಚ್ಚು. ಒಳಗೆ ಬೇರಿಂಗು ಇರಬೇಕು. ಕೈಯಿಂದ ತಿರುಗಿಸಿದರೆ ಸದ್ದಿಲ್ಲದೆ ತಿರುಗಬೇಕು. ಹುರಿಯು ಹಳ್ಳದಿಂದ ಹಾರಿ ಪಕ್ಕಕ್ಕೆ ಸಿಕ್ಕಿಕೊಳ್ಳದಂತೆ ಮೇಲೊಂದು ತಡೆ ಇರಬೇಕು. ಹುರಿಯು ಸಣ್ಣ ಉಕ್ಕಿನ ತಂತಿಗಳನ್ನು ಹೊಸೆದು ಮೇಲೆ ನೈಲಾನಿನ ಹೊದಿಕೆ ಹಾಕಿದ್ದಿರುವದು. ಹಳೆಯ ಯಂತ್ರವನ್ನು ಅಗ್ಗಕ್ಕೆ ಕೊಳ್ಳುವವರು ಹುರಿಯ ಉದ್ದಕ್ಕೂ ಬಟ್ಟೆ ಹಿಡಿದು ಒಮ್ಮೆ ಸವರಬೇಕು. ಎಲ್ಲಿಯಾದರೂ ಎಳೆ ಸಿಕ್ಕಿದರೆ ತಂತಿ ಕಡಿದಿದೆಯೆಂದು ಅರ್ಥ. ಅಂಥ ಹುರಿಗೆ ಗಂಟು ಹಾಕುವದು, ತಂತಿ ಸುತ್ತುವದು ಮುಂತಾದ ಉಪಾಯಗಳು ಸಲ್ಲವು, ಬದಲಿಸಲೇಬೇಕು. ಹಿಡಿಕೆಯ ಗಡಗಡೆಯನ್ನು ಕಂಬದುದ್ದಕ್ಕೂ ಮೇಲೆ ಕೆಳಗೆ ಸರಿಸಿ ಬೇಕಾದ ಎತ್ತರಕ್ಕೆ ನಿಲ್ಲಿಸಿಕೊಳ್ಳುವ ಅನುಕೂಲವಿದ್ದರೆ ಒಂದೇ ಕಂಬದ ಯಂತ್ರವು ಮನೆಗೆ ಧಾರಾಳವಾಗಿ ಸಾಕು. ಎರಡು ಕಂಬದ ದೊಡ್ಡ ಯಂತ್ರಗಳು ಚಂದವಾಗಿವೆ. ಅವುಗಳಿಗೆ ಹಾಲು ಹಿಂಡುವ ಎಮ್ಮೆಯ ಬೆಲೆ, ಎಮ್ಮೆಯಷ್ಟೇ ಜಾಗ.

ಇನ್ನು ನಿಲ್ಲಿಸುವ ವಿಚಾರ. ಹಲಗೇರಿಯ ಆ ಮನೆಯು ಹಳೆಯ ಮಣ್ಣಿನ ಮಾಳಿಗೆಯದು. ಹಿಂದುಗಡೆ ಮಾತ್ರ ಕಾಂಕ್ರೀಟಿನ ಎರಡು ಕೋಣೆಗಳನ್ನು ಕಟ್ಟಿಸಿದ್ದಾರೆ. ಪಡಸಾಲೆಯಲ್ಲಿ ಗಾಳಿ ಬೆಳಕು ಚೆನ್ನಾಗಿದೆ, ಅತ್ತೆಯವರು ಹಗಲೆಲ್ಲ ಕೂಡುವ ಸ್ಥಳವೂ ಅದೇ ಎಂದು ಎಲ್ಲರ ಮನಸ್ಸು ಅಲ್ಲಿಯೇ ಇತ್ತು. ನಾವು ಮೊದಲು ಅಳತೆಪಟ್ಟಿಯನ್ನು ತೆಗೆದೆವು. ತೊಲೆಯ ಕೆಳಗೆ ನೆಲದಿಂದ ಆರು ಅಡಿ ಹತ್ತು ಅಂಗುಲ. ನಾವು ನೋಡಿದ ಯಂತ್ರ ಏಳಡಿಯದು. ಯಂತ್ರವನ್ನು ಮಲಗಿಸಿ ಜೋಡಿಸಿ ಎತ್ತಿ ನಿಲ್ಲಿಸುವದಾದರೆ ಅದರ ಎತ್ತರಕ್ಕಿಂತಲೂ ಹೆಚ್ಚು ಜಾಗ ಬೇಕೆಂಬದನ್ನೂ ಮರೆಯಬಾರದು. ಮೂಲೆಯಿಂದ ಮೂಲೆಯ ಅಳತೆ ನೆಟ್ಟನೆಯ ಅಳತೆಗಿಂತ ದೊಡ್ಡದಲ್ಲವೇ? “ತೊಲಿ ಒಂಚೂರು ಕೆತ್ತಿದರಾತು” ಎಂದು ಮನೆಯವರೊಬ್ಬರು ಸೂಚಿಸಿದರು. ಮನೆಯನ್ನು ಹೊತ್ತ ತೊಲೆಯನ್ನು ಯಂತ್ರಕ್ಕಾಗಿ ಕೆತ್ತಲು ನಾವು ಒಪ್ಪಲಿಲ್ಲ. ಆಗ ತೊಲೆಗಳ ನಡುವಿನ ಅಂಕಣದಲ್ಲಿ, ಜಂತಿಯ ಕೆಳಗೆ, ಏಳೂಮುಕ್ಕಾಲು ಅಡಿ ದೊರೆಯಿತು. ಜಾಗ ಸಿಕ್ಕಿತೆಂದು ಎಲ್ಲರೂ ಸಂತೋಷಪಟ್ಟರು.

ಅತ್ತೆಯವರು ಮಾತ್ರ ಸುಮ್ಮನೆ ಕುಳಿತಿದ್ದರು. ಗೌಂಡಿಯು ಸೀಮೆಸುಣ್ಣದಿಂದ ನೆಲದ ಮೇಲೆ ಗೆರೆ ಎಳೆಯುವಾಗ ಅವರು, “ಅಲ್ಲಿ ಕೆಳಗ ನಮ್ಮ ಮಾವನ ಹಗೇವು ಐತೆಪಾ” ಎಂದರು. ಸೊಸೆಗೂ ಅದು ಗೊತ್ತಿರಲಿಲ್ಲ. ಜೋಳದ ಬದಲು ಗೋವಿನಜೋಳವೂ ಹತ್ತಿಯೂ ಹೊಲಕ್ಕೆ ಬಂದ ಮೇಲೆ ಕಾಳು ತುಂಬುವದು ನಿಂತು, ಬಾಯಿಗೆ ಕಲ್ಲು ಮುಚ್ಚಿ, ಮೇಲೆ ಫರಸಿ ಹಾಸಿದ್ದರಂತೆ. ಗೌಂಡಿಯು ಹಾರೆಯ ತುದಿಯಿಂದ ಕುಟ್ಟಿ ನೋಡಿದನು. ಒಂದೆಡೆ ಗಟ್ಟಿಯಾದ ಸಪ್ಪಳ, ಮೂರಡಿಯಾಚೆ ಡೊಳ್ಳಿನಂಥ ಸಪ್ಪಳ. 68 ಕಿಲೋ ಬಿಲ್ಲೆಗಳು, ಹೆಚ್ಚುಕಡಿಮೆ ಅಷ್ಟೇ ತೂಕದ ಚೌಕಟ್ಟು, ಅದರೊಳಗೆ ಎಳೆಯುವ ಮನುಷ್ಯನ ಅರವತ್ತು ಕಿಲೋ: ಇಷ್ಟೆಲ್ಲ ನಾಲ್ಕು ಪಾದಗಳ ಮೇಲೆ ನಿಂತು, ಬಿಲ್ಲೆಗಳು ಕೈಜಾರಿ ಬಿದ್ದಾಗಲೆಲ್ಲ ಪೆಟ್ಟು ಕೊಟ್ಟರೆ, ಆ ಟೊಳ್ಳಿನ ಮೇಲಿನ ಕಲ್ಲು ಎಷ್ಟು ದಿನ ತಾಳೀತು? ಹಾವೇರಿ ಜಿಲ್ಲೆಯ ಹಳೆಯ ಮನೆಗಳಲ್ಲಿ ಹಗೇವುಗಳು ಅಪರೂಪವಲ್ಲ. ಅವುಗಳನ್ನು ತೆರೆದು ನೋಡಲು ತಾವಾಗಿ ಯಾರೂ ಇಳಿಯಬಾರದು. ಬಹುಕಾಲ ಮುಚ್ಚಿದ ಹಗೇವಿನಲ್ಲಿ ಉಸಿರಾಡುವ ಗಾಳಿ ಇರುವದಿಲ್ಲ, ಇಳಿದವರು ಸತ್ತದ್ದುಂಟು.

ಹೀಗೆ ಪಡಸಾಲೆಯನ್ನು ಬಿಟ್ಟು ಹಿಂದಿನ ಕಾಂಕ್ರೀಟಿನ ಕೋಣೆಗೆ ಬಂದೆವು. ಗೋಡೆಗೆ ಬಿಗಿಯುವ ಚಿಕ್ಕ ಯಂತ್ರವಾದರೆ ಜಾಗ ಉಳಿಯುವದೆಂದು ಒಂದು ಮಾತು ಬಂದಿತು. ಸುಟ್ಟ ಇಟ್ಟಿಗೆಯ, ಇಲ್ಲವೆ ಕಾಂಕ್ರೀಟಿನ ಗೋಡೆಯಲ್ಲಿ ಆ್ಯಂಕರ್ ಬೋಲ್ಟು ಗಟ್ಟಿಯಾಗಿ ನಿಲ್ಲುವದು. ಮಣ್ಣಿನ ಗೋಡೆಯಲ್ಲಿಯೂ ಟೊಳ್ಳು ಸಿಮೆಂಟು ಬ್ಲಾಕಿನಲ್ಲಿಯೂ ನಿಲ್ಲದು. ಆ ಕೋಣೆಯ ಗೋಡೆ ಟೊಳ್ಳು ಬ್ಲಾಕಿನದಾದಕಾರಣ ನೆಲದ ಮೇಲೆ ನಿಲ್ಲುವ ಯಂತ್ರವನ್ನೇ ಆರಿಸಬೇಕಾಯಿತು. ಮೇಲಂತಸ್ತಿನಲ್ಲಿ ಇಡುವವರಿಗೂ ಒಂದು ಸೂಚನೆ. ವಾಸದ ಕೋಣೆಯ ನೆಲಕ್ಕೆ ಚದರ ಮೀಟರಿಗೆ ಸುಮಾರು 200 ಕಿಲೋ ಭಾರವನ್ನು ಹಿಡಿದು ಕಟ್ಟಬೇಕೆಂದು ನಮ್ಮ ದೇಶದ ಮಾನಕವು ಹೇಳುತ್ತದೆ. ಆದದರಿಂದ ಯಂತ್ರವನ್ನು ಕೋಣೆಯ ನಡುವೆ ಇಡದೆ ತೊಲೆ, ಗೋಡೆಗಳ ಬದಿಗೆ ಇಡಬೇಕು, ಕೆಳಗೆ ಹಲಗೆ ಹಾಸಿ ಭಾರವನ್ನು ಹಂಚಬೇಕು. ಹೊರಚಾಚಿದ ಸಜ್ಜೆಯ ಮೇಲೆ ಎಂದೂ ಇಡಬಾರದು. ಸಂಶಯವಿದ್ದರೆ ಮನೆ ಕಟ್ಟಿದ ಇಂಜಿನಿಯರರನ್ನು ಕೇಳುವದರಲ್ಲಿ ನಾಚಿಕೆಯಿಲ್ಲ.

ಜೋಡಿಸುವ ಕೆಲಸಕ್ಕೆ ಇಬ್ಬರು ಬೇಕು, ಅರ್ಧ ದಿವಸ ಬೇಕು, ತಾಳ್ಮೆ ಎಲ್ಲಕ್ಕೂ ಹೆಚ್ಚು ಬೇಕು. ಜಮಖಾನೆಯೊಂದನ್ನು ಹಾಸಿ, ಪೆಟ್ಟಿಗೆಯಿಂದ ಬಂದುದೆಲ್ಲವನ್ನೂ ಅದರ ಮೇಲೆ ಹರಡಿ, ಚೀಟಿಯಲ್ಲಿರುವಂತೆ ಬೋಲ್ಟುಗಳನ್ನು ಎಣಿಸಿಕೊಳ್ಳಬೇಕು. ಒಂದು ಕಡಿಮೆಯಿದ್ದರೆ ಆಗಲೇ ಅಂಗಡಿಗೆ ತಿಳಿಸಬೇಕು. ಕೈಗೆ ಸಿಕ್ಕ ಬೇರೊಂದನ್ನು ತುರುಕಬಾರದು. ನೆಲಕ್ಕೆ ದಪ್ಪ ಪ್ಲೈವುಡ್ಡಿನ ಹಲಗೆ, ಅದರ ಮೇಲೆ ರಬ್ಬರಿನ ಹಾಸು, ಅದರ ಮೇಲೆ ಯಂತ್ರದ ಪಾದ. ಚೌಕಟ್ಟಿನ ಬೋಲ್ಟುಗಳನ್ನು ಮೊದಲು ಬೆರಳಿನಿಂದಷ್ಟೇ ತಿರುಗಿಸಿ, ಇಡೀ ಚೌಕಟ್ಟು ನಿಂತು ಮೂಲೆಗಳು ಸರಿಯಾದ ಮೇಲೆ ಪಾನಾದಿಂದ ಬಿಗಿಯಬೇಕು. ಮೊದಲೇ ಬಿಗಿದರೆ ಕೊನೆಯ ತೂತುಗಳು ಎಂದಿಗೂ ಕೂಡಲಾರವು. ನಮ್ಮ ಮನೆಯ ಯಂತ್ರವನ್ನು ಇದಕ್ಕಾಗಿಯೇ ಎರಡು ಸಾರೆ ಬಿಚ್ಚಿದ್ದುಂಟು. ಬಿಲ್ಲೆಗಳನ್ನು ಒಂದೊಂದಾಗಿ, ಕಡ್ಡಿಯ ತೂತು ಮುಂದಕ್ಕೆ ಬರುವಂತೆ, ಇಬ್ಬರು ಹಿಡಿದು ಇಳಿಸಬೇಕು. ಬೆರಳು ಜಜ್ಜುವದು ಇಲ್ಲಿಯೇ.

ಗೌಂಡಿಯ ತೂಗುಗುಂಡಿನಿಂದ ಎರಡು ಸರಳುಗಳೂ ನೆಟ್ಟಗಿವೆಯೇ ಎಂದು ನೋಡಬೇಕು. ಸರಳು ವಾಲಿದರೆ ಬಿಲ್ಲೆಗಳು ಉಜ್ಜಿಕೊಂಡು ಏರುವವು. ಎಳೆಯುವವಳು ತನ್ನ ಬಲವೇ ಕಡಿಮೆಯೆಂದು ಭ್ರಮಿಸುವಳು. ಹುರಿಯನ್ನು ಚಿತ್ರದಲ್ಲಿರುವಂತೆಯೇ ಗಡಗಡೆಗಳಲ್ಲಿ ಹಾಯಿಸಿ, ಅದರ ಬಿಗಿತವನ್ನು ಸರಿಪಡಿಸುವದು ಕೊನೆಯ ಕೆಲಸ, ಸೂಕ್ಷ್ಮವಾದ ಕೆಲಸವೂ ಹೌದು. ಸಡಿಲಾದರೆ ಎಳೆಯುವಾಗ ಮೊದಲು ಪೊಳ್ಳಾಗಿ ಬಂದು ಆಮೇಲೆ ಜರ್ರನೆ ಭಾರ ಬೀಳುವದು. ಬಿಗಿಯಾದರೆ ಮೇಲಿನ ಬಿಲ್ಲೆ ತೂಗಾಡುತ್ತ ಕಡ್ಡಿ ತೂತಿನೊಳಗೆ ಹೋಗಲೊಲ್ಲದು. ಬಿಲ್ಲೆಯು ಕೆಳಗಿನದರ ಮೇಲೆ ಪೂರ್ತಿಯಾಗಿ ಕುಳಿತಿರಬೇಕು, ಹುರಿಯಲ್ಲಿ ಜೋಲು ಇರಬಾರದು, ಕಡ್ಡಿ ಸಲೀಸಾಗಿ ಹೋಗಬೇಕು. ಮೊದಲ ವಾರ ಹಗುರವಾದ ಭಾರದಿಂದಲೇ ನಡೆಸಿ, ವಾರದ ಕೊನೆಗೆ ಬೋಲ್ಟುಗಳನ್ನೆಲ್ಲ ಇನ್ನೊಮ್ಮೆ ಬಿಗಿಯಬೇಕು.

ಯಂತ್ರ ನಿಂತ ದಿನ ಅತ್ತೆಯವರು ಹಿಡಿಕೆಯನ್ನು ಒಮ್ಮೆ ಜಗ್ಗಿ ನೋಡಿ, ಹಿಂದೆ ಇಣಿಕಿ, “ಕೊಡ ಎಲ್ಲೈತಿ?” ಎಂದು ಕೇಳಿದರು. ಮನೆಮಂದಿಯೆಲ್ಲ ನಕ್ಕರು. ಆದರೆ ಅವರ ಕೈಗಳು ಹುರಿಯನ್ನು ಹಿಡಿದ ರೀತಿಯನ್ನು ನಾವು ನೋಡಿದೆವು. ಮೊಣಕೈ ಪಕ್ಕೆಗೆ ಒತ್ತಿ, ಬೆನ್ನು ನೇರವಾಗಿಟ್ಟು, ಸರಿಯಾಗಿ ಹೇಗೆ ಎಳೆಯಬೇಕೋ ಹಾಗೆಯೇ ಎಳೆದರು. ಅದನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ಮುರಿದಿದ್ದ ಮಣಿಕಟ್ಟಿಗೆ ಶ್ರಮವಾಗದಂತೆ ಎಡಗೈಗೆ ಹಿಡಿಕೆಯ ಬದಲು ಮುಂದೋಳಿಗೆ ಸುತ್ತುವ ಪಟ್ಟಿಯನ್ನು ಸಿಕ್ಕಿಸಿದೆವು.

ಅವರ ನಿಜವಾದ ಕಷ್ಟವು ತೋಳಿನದಲ್ಲ, ಏಳುವದು ಕೂಡುವದರದು; ಅದಕ್ಕೆ ತೊಡೆಯಲ್ಲಿ ಬಲ ಬೇಕು. ಇಂಥ ಯಂತ್ರಗಳನ್ನು ಕೊಂಡವರು ತೋಳನ್ನಷ್ಟೇ ಸಾಧಿಸಿ ಕಾಲನ್ನು ಮರೆಯುವದು ಸಾಮಾನ್ಯ. ಆದದರಿಂದ ಗಡಗಡೆಯನ್ನು ಎದೆಯ ಎತ್ತರಕ್ಕೆ ನಿಲ್ಲಿಸಿ, ಎರಡೂ ಕೈಗಳನ್ನು ಮುಂಚಾಚಿ ಪಟ್ಟಿ ಹಿಡಿಕೆಗಳಲ್ಲಿರಿಸಿ, ಹಿಂದೆ ಎತ್ತರದ ಮಣೆಯೊಂದನ್ನು ಇಟ್ಟೆವು. ಮುಂದಿನಿಂದ ಹುರಿಯ ಎಳೆತವಿರುವದರಿಂದ ಹಿಂದಕ್ಕೆ ಬೀಳುವ ಅಂಜಿಕೆಯಿಲ್ಲದೆ ಮೆಲ್ಲಗೆ ಕುಳಿತು ಮೆಲ್ಲಗೆ ಏಳಬಹುದು. ಮೊದಲ ದಿನ ನಾಲ್ಕು ಸಾರೆ. ಪ್ರತಿ ಹದಿನೈದು ದಿನಕ್ಕೆ ಮಣೆಯ ಎತ್ತರವನ್ನು ಸ್ವಲ್ಪ ಸ್ವಲ್ಪ ಇಳಿಸುತ್ತ ಬರಬೇಕೆಂದು ಸೊಸೆಗೆ ಹೇಳಿ ಬಂದೆವು. ಭಾರವನ್ನು ಆರಿಸುವ ಕ್ರಮವೂ ಸುಲಭ: ಹನ್ನೆರಡರಿಂದ ಹದಿನೈದು ಸಾರೆ ಎಳೆಯುವಷ್ಟರಲ್ಲಿ ಕೊನೆಯ ಎರಡು ಮೂರು ಎಳೆತಗಳು ಕಷ್ಟವೆನಿಸಬೇಕು, ಆದರೆ ಬೆನ್ನು ಬಾಗಬಾರದು. ಎಳೆಯುವಾಗ ಉಸಿರು ಬಿಡಬೇಕು. ಉಸಿರು ಕಟ್ಟಿ ಜಗ್ಗಿದರೆ ರಕ್ತದೊತ್ತಡ ಏರುವದು. ರಕ್ತದೊತ್ತಡ, ಹೃದ್ರೋಗ ಮೊದಲಾದವುಗಳಿರುವವರು ವೈದ್ಯರನ್ನು ಕೇಳಿಯೇ ಮುಟ್ಟಬೇಕು.

ಪಾಲಕರು ನಮ್ಮನ್ನು ಆಗಾಗ ಕೇಳುವ ಒಂದು ಪ್ರಶ್ನೆಯುಂಟು: ಬೆಳೆಯುವ ಹುಡುಗಿಯರು ಭಾರವೆಳೆದರೆ ಎತ್ತರ ಬೆಳೆಯುವದು ನಿಲ್ಲುವದಿಲ್ಲವೇ? ನಿಲ್ಲುವದಿಲ್ಲ. ಐದರಿಂದ ಹದಿನೇಳು ವಯಸ್ಸಿನವರಿಗೆ ಸ್ನಾಯು, ಎಲುಬುಗಳನ್ನು ಬಲಗೊಳಿಸುವ ಶ್ರಮವು ವಾರಕ್ಕೆ ಮೂರು ದಿವಸವಾದರೂ ಇರಬೇಕೆಂದು ಅದೇ ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಹಗುರವಾದ ಭಾರ, ದೊಡ್ಡವರ ಕಣ್ಗಾವಲು, ಇವೆರಡಿದ್ದರೆ ಸಾಕು. ನಾವು ಹೆದರುವದು ಬೆಳೆದ ಹುಡುಗಿಯರಿಗಾಗಿ ಅಲ್ಲ, ಅಂಬೆಗಾಲಿಡುವ ಮಕ್ಕಳಿಗಾಗಿ. ಬಿಲ್ಲೆಗಳ ಸಂದಿಯಲ್ಲಿ ಬೆರಳಿಡುವದು ಕೂಸುಗಳಿಗೆ ಬಲು ಪ್ರೀತಿ. ಬಿಲ್ಲೆಗಳ ಸುತ್ತಲೂ ತಗಡಿನ ಮುಚ್ಚಿಗೆಯಿರುವ ಯಂತ್ರವನ್ನೇ ಕೊಳ್ಳಬೇಕು; ಕೆಲಸ ಮುಗಿದೊಡನೆ ಕಡ್ಡಿಯನ್ನು ತೆಗೆದು ಎತ್ತರದ ಗೂಡಿನಲ್ಲಿಡಬೇಕು.

ಮೇಲಣ ಸಂರಕ್ಷಣೆ ಹೆಚ್ಚಿಲ್ಲ. ಸರಳುಗಳನ್ನು ವಾರಕ್ಕೊಮ್ಮೆ ಒಣಬಟ್ಟೆಯಿಂದ ಒರೆಸಿ, ತಿಂಗಳಿಗೊಮ್ಮೆ ಸಿಲಿಕಾನ್ ದ್ರವವನ್ನು ಸವರಬೇಕು. ಅಡಿಗೆಯ ಎಣ್ಣೆಯನ್ನೂ ಬಂಡಿಯ ಕೀಲೆಣ್ಣೆಯನ್ನೂ ಹಚ್ಚಬಾರದು. ನಮ್ಮ ಕಡೆಯ ಹತ್ತಿಯ ಅರಳೆ, ಗೋವಿನಜೋಳದ ಹೊಟ್ಟು, ಮೆಣಸಿನಕಾಯಿಯ ದೂಳು ಎಲ್ಲವೂ ಅದಕ್ಕೆ ಅಂಟಿಕೊಂಡು ಯಂತ್ರವನ್ನು ಹಿಡಿದುಬಿಡುವವು. ಎರೆಭೂಮಿಯ ಮೇಲೆ ಕಟ್ಟಿದ ಮನೆಗಳಲ್ಲಿ ಮಳೆಗಾಲಕ್ಕೆ ಮಣ್ಣು ಉಬ್ಬಿ, ಬೇಸಿಗೆಗೆ ಬಿರಿದು, ನೆಲದ ಮಟ್ಟವು ಅತ್ತಿತ್ತ ಆಗುವದು. ವರ್ಷಕ್ಕೆರಡು ಸಾರೆ ತೂಗುಗುಂಡನ್ನು ಇಳಿಬಿಟ್ಟು ನೋಡಬೇಕು. ಹಲಗೇರಿಯಲ್ಲಿ ಮೊದಲ ಮಳೆಗಾಲದಲ್ಲಿಯೇ ಎಡಗಡೆಯ ಮುಂಪಾದ ಕಾಲಂಗುಲ ಕುಸಿಯಿತು. ಬಡಿಗನು ಹಲಗೆಯ ಕೆಳಗೆ ತೆಳುವಾದ ಸಾಗವಾನಿ ಚಕ್ಕೆಯೊಂದನ್ನು ಕೊಟ್ಟು ಸರಿಪಡಿಸಿದನು.

ಹೋದ ತಿಂಗಳು ಆ ವಿದ್ಯಾರ್ಥಿನಿಯು ಮತ್ತೆ ಮಾತಾಡಿದಳು. ಅತ್ತೆಯವರು ಈಗ ಮೂರನೆಯ ಬಿಲ್ಲೆಗೆ ಬಂದಿದ್ದಾರೆ. ಮಣೆ ಈಗ ಗೇಣುದ್ದಕ್ಕೆ ಇಳಿದಿದೆ. ಮನೆಯ ಸೀಗೆಹುಣ್ಣಿಮೆಯ ಊಟಕ್ಕೆ ಅವರು ಎಲ್ಲರ ಸಾಲಿನಲ್ಲಿ ನೆಲದ ಮೇಲೆ ಕುಳಿತು ಉಂಡು, ಬಲಗೈಯನ್ನು ಮೊಣಕಾಲ ಮೇಲೆ ಊರಿ ತಾವಾಗಿ ಎದ್ದರಂತೆ. “ನಾ ಕೈ ಮುಂದ ಮಾಡಿದ್ದೆ ಅಕ್ಕೋರ, ‘ಸರಿ ಅತ್ಲಾಗ’ ಅಂದ್ರು” ಎಂದು ಹೇಳುವಾಗ ಅವಳ ದನಿ ಸ್ವಲ್ಪ ನಡುಗಿತು.

ನಮ್ಮ ಸೀರೆ ಒಣಗಿಸುವ ಯಂತ್ರಕ್ಕೂ ಈಗ ಒಂದು ಗಡಗಡೆಯನ್ನು ಹೆಚ್ಚಾಗಿ ಜೋಡಿಸಿ ಭಾರವನ್ನು ಅರ್ಧಕ್ಕಿಳಿಸಿ ಶಾಲೆಯ ಕೋಣೆಯೊಂದರಲ್ಲಿ ನಿಲ್ಲಿಸಿದ್ದೇವೆ. ಕೊಳ್ಳುವ ವಿಚಾರವಿರುವವರು ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಬಂದು ಎಳೆದು ನೋಡಬಹುದು. ಬರುವಾಗ ತಮ್ಮ ಕೋಣೆಯ ಉದ್ದ, ಅಗಲ, ತೊಲೆಯ ಕೆಳಗಿನ ಎತ್ತರ ಇವುಗಳನ್ನು ಬರೆದುಕೊಂಡು ಬರಬೇಕು. ಹಳೆಯ ಮನೆಯಾದರೆ ಹಗೇವು ಎಲ್ಲಿತ್ತೆಂಬದನ್ನು ಹಿರಿಯರನ್ನು ಕೇಳಿಕೊಂಡು ಬರಬೇಕು.